ಸೆರೆದ್ವೀಪಕ್ಕೆ ಹೆಜ್ಜೆ ಸದ್ದು ಕೂರಿಸಿದ್ದು

ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಕೂರಿಸಲು ಹಳೆಯ ಮಾತನ್ನು ತೆಗೆದಾಗ ಅದರ ಜೊತೆಗೆ ಇನ್ನೂ ಬಹಳಷ್ಟು ಹೊರಟುಹೋಗುತ್ತದೆ. ಚಿತ್ರೀಕರಣದ ಜಾಗದಲ್ಲಿ ನಟನ ತಲೆಯ ಮೇಲೆ ಕೋಲಿಗೆ ಕಟ್ಟಿ ಹಿಡಿದ ಮೈಕಿಗೆ ಮಾತು ಯಾವುದು, ಬೂಟಿನ ಸದ್ದು ಯಾವುದು ಎಂಬ ಭೇದವಿಲ್ಲ. ಆ ಟ್ರ್ಯಾಕನ್ನು ಮುಚ್ಚಿದ ಕೂಡಲೇ ನಾಯಕ ಗಾಳಿಯಲ್ಲಿ ನಡೆಯುತ್ತಾನೆ, ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ, ಬಟ್ಟಲು ಕಲ್ಲಿನ ಮೇಲೆ ಕೂತರೂ ಕೂತಂತೆ ಅನ್ನಿಸುವುದಿಲ್ಲ. ಇದಕ್ಕಾಗಿಯೇ ದೊಡ್ಡ ಚಿತ್ರಗಳವರು ಸಂಗೀತ ಮತ್ತು ಸದ್ದುಗಳಷ್ಟೇ ಇರುವ ಟ್ರ್ಯಾಕೊಂದನ್ನು ಬೇರೆಯಾಗಿ ಮಾಡಿಕೊಡುತ್ತಾರೆ. ಮುಂಬೈಯ ಸ್ಟುಡಿಯೋಗಳಲ್ಲಿ ಅದಕ್ಕೆ ‘ಎಂ ಅಂಡ್ ಇ’ ಎನ್ನುತ್ತೇವೆ. ಅದು ಪೂರ್ತಿಯಾಗಿದ್ದರೆ ಡಬ್ಬಿಂಗಿನವರ ಬದುಕು ಹಗುರ. ಅರ್ಧಂಬರ್ಧ ಬಂದರೆ ನನ್ನಂಥವನಿಗೆ ಕರೆ ಬರುತ್ತದೆ.

ನಾನು ಅಂಧೇರಿಯಲ್ಲಿ ಫೋಲಿ ಕೆಲಸ ಮಾಡುತ್ತೇನೆ. ಪರದೆಯ ಮೇಲಿನ ಮನುಷ್ಯ ಕಾಲು ಎತ್ತಿದಾಗ ಎತ್ತಿ, ಇಟ್ಟಾಗ ಇಟ್ಟು, ಅವನು ಮುಟ್ಟಿದ್ದನ್ನು ಮುಟ್ಟಿ, ಆ ಸದ್ದನ್ನು ಮೈಕಿಗೆ ಕೊಡುವುದು ನನ್ನ ಕಸುಬು. ಮೂಕಿ ಚಿತ್ರಗಳು ಮಾತಾಡಲು ಕಲಿಯುತ್ತಿದ್ದ ಕಾಲದಲ್ಲಿ ಅಮೆರಿಕದ ಯೂನಿವರ್ಸಲ್ ಸ್ಟುಡಿಯೋದಲ್ಲಿ ಇದನ್ನು ರೂಢಿಗೆ ತಂದ ಜ್ಯಾಕ್ ಫೋಲಿಯ ಹೆಸರೇ ಕೆಲಸಕ್ಕೂ ಅಂಟಿಕೊಂಡಿತು. ಮುಂಬೈಗೆ ಇದು ಹೊಸದಲ್ಲ. ‘ಲಗಾನ್’ 2001ರಲ್ಲಿ ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿದು ಎಲ್ಲರ ಗಮನ ಸೆಳೆಯುವವರೆಗೆ ಹೆಚ್ಚಿನ ಹಿಂದಿ ಚಿತ್ರಗಳ ಮಾತನ್ನು ಸ್ಟುಡಿಯೋದಲ್ಲೇ ಮತ್ತೆ ಹೇಳಿಸುತ್ತಿದ್ದರು. ಆದ್ದರಿಂದ ಹೆಜ್ಜೆಗಳನ್ನೂ ಮತ್ತೆ ಇಡಲೇಬೇಕಾಗಿತ್ತು. ನನಗೆ ಕಲಿಸಿದವರು ಆ ಪೀಳಿಗೆಯವರು. ತೆರೆಯ ಮೇಲೆ ನಾಯಕಿ ಮೆಟ್ಟಿಲಿಳಿದರೆ ಇವರು ಲುಂಗಿ ಕಟ್ಟಿಕೊಂಡೇ ಹೈಹೀಲ್ಡ್ ಮೆಟ್ಟಿ ಇಳಿಯುತ್ತಿದ್ದರು.

ಇಲ್ಲಿ ಹೇಳಹೊರಟಿರುವುದು ಪರದೇಶದ ಒಂದು ಚಿತ್ರದ ಕನ್ನಡ ಅವತರಣಿಕೆಗೆ ಮಾಡಿದ ಕೆಲಸದ ಬಗ್ಗೆ. ಒಪ್ಪಂದದ ಪ್ರಕಾರ ಚಿತ್ರದ ಹೆಸರು ಹೇಳುವಂತಿಲ್ಲ. ಕಥೆ ಮಾತ್ರ ಬಹಳ ಸಲ ಬಂದಿರುವಂಥದ್ದು: ಮುಂದೆಂದೋ ಒಂದು ಕಾಲ, ಲಾಭಕ್ಕಾಗಿ ನಡೆಯುವ ಜೈಲು, ಬಗ್ಗದ ಕೈದಿಯೊಬ್ಬ, ಅವನನ್ನು ಹೆಲಿಕಾಪ್ಟರಿನಲ್ಲಿ ಒಯ್ದು ಎಸೆಯುವ ದ್ವೀಪ. ಅಲ್ಲಿ ಕಾವಲುಗಾರರಿಲ್ಲ, ಕಾನೂನಿಲ್ಲ, ಸುತ್ತಲೂ ನೀರು.

ಕೆಲಸ ಒಪ್ಪಿಕೊಂಡ ವಾರ ಈ ಜಾತಿಯದ್ದೇ ಹಳೆಯ ಚಿತ್ರ ‘ನೋ ಎಸ್ಕೇಪ್’ ಅನ್ನು ಮತ್ತೆ ನೋಡಿದೆ. 1994ರದ್ದು, ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶನ, ರೇ ಲಿಯೊಟ್ಟಾ ನಾಯಕ. ರಿಚರ್ಡ್ ಹರ್ಲಿಯ 1987ರ ಕಾದಂಬರಿ ಅದಕ್ಕೆ ಮೂಲ. ಚಿತ್ರೀಕರಣ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ. ಕಥೆ ನಡೆಯುವುದು 2022ರಲ್ಲಿ; ಆ ಭವಿಷ್ಯ ಬಂದು ಹೋಗಿಯೂ ಆಯಿತು, ನಾವಿನ್ನೂ ಅಂಧೇರಿಯ ಸೇತುವೆಯ ಮೇಲೆ ರಿಕ್ಷಾದಲ್ಲಿ ಕೂತಿದ್ದೇವೆ. ಎರಡನೆಯ ಸಲ ಚಿತ್ರ ಮುಚ್ಚಿ ಸದ್ದನ್ನಷ್ಟೇ ಕೇಳಿದೆ. ದ್ವೀಪದಲ್ಲಿ ಎರಡು ಗುಂಪುಗಳಿವೆ. ಒಂದು, ಸುಲಿಗೆ ಮಾಡಿ ಬದುಕುವ ಹೊರಗಿನವರದು. ಇನ್ನೊಂದು, ಬೇಲಿ ಹಾಕಿಕೊಂಡು ಊರು ಕಟ್ಟಿಕೊಂಡವರದು. ಭವಿಷ್ಯ ಎನ್ನುವುದು ಮೊದಲ ಭಾಗದ ಜೈಲಿನಲ್ಲಿ ಮತ್ತು ಆಗಾಗ ತಲೆಯ ಮೇಲೆ ಬರುವ ಯಂತ್ರಗಳಲ್ಲಿ ಮಾತ್ರ ಇದೆ. ಮಿಕ್ಕದ್ದೆಲ್ಲ ಕಟ್ಟಿಗೆ, ಹಗ್ಗ, ಕಬ್ಬಿಣ, ಬೆಂಕಿ. ಮನುಷ್ಯ ಮುಂದಕ್ಕೆ ಹೋಗಿ ಹೋಗಿ ಬಿಲ್ಲುಬಾಣಕ್ಕೆ ಬಂದು ನಿಂತಿದ್ದಾನೆ.

ನನ್ನ ಇಡೀ ಕೆಲಸಕ್ಕೆ ದಾರಿ ಸಿಕ್ಕಿದ್ದು ಅಲ್ಲೇ. ಭವಿಷ್ಯದ ಚಿತ್ರ ಎಂದಾಕ್ಷಣ ಎಲ್ಲದಕ್ಕೂ ಕುಂಯ್, ಝೂಂ ಎಂದು ಕಂಪ್ಯೂಟರಿನ ಸದ್ದು ಅಂಟಿಸುವವರಿದ್ದಾರೆ. ನನಗೆ ಆ ಅಭ್ಯಾಸ ಕಂಡರೆ ಆಗುವುದಿಲ್ಲ. ನಾನು ಚಿತ್ರವನ್ನು ಎರಡು ಪಾಲು ಮಾಡಿಕೊಂಡೆ. ಜೈಲಿನಲ್ಲಿ ಎಲ್ಲ ಹೆಜ್ಜೆಯೂ ಒಂದೇ ತೆರನಾಗಿರಬೇಕು. ಒಂದೇ ನೆಲ, ಒಂದೇ ಅಟ್ಟೆಯ ಬೂಟು, ಯಾರು ನಡೆದರೂ ಯಾರೆಂದು ಗೊತ್ತಾಗಬಾರದು. ದ್ವೀಪದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಇಬ್ಬರ ಹೆಜ್ಜೆ ಒಂದೇ ಥರ ಇರಬಾರದು. ಕಣ್ಣು ಮುಚ್ಚಿದರೂ ಪೊದೆಯ ಹಿಂದೆ ಬರುತ್ತಿರುವವನು ನಮ್ಮವನೋ ಅವರವನೋ ತಿಳಿಯಬೇಕು. ಇಂಥ ಚಿತ್ರದಲ್ಲಿ ನೋಡುಗ ನಾಯಕನ ಕಿವಿಯನ್ನೇ ಎರವಲು ಪಡೆದು ಕೂತಿರುತ್ತಾನೆ. ಕಾಡಿನಲ್ಲಿ ಜೀವ ಉಳಿಸುವುದು ಕಣ್ಣಿಗಿಂತ ಕಿವಿ.

ಜೈಲಿನ ಕೆಲಸ ಬೇಗ ಮುಗಿಯಿತು. ನಮ್ಮ ಕೋಣೆಯಲ್ಲಿ ನೆಲಕ್ಕೆ ಹೊಂದಿಕೊಂಡಂತೆ ಚೌಕಾಕಾರದ ತಗ್ಗುಗಳಿವೆ. ಅವಕ್ಕೆ ಪಿಟ್ ಎನ್ನುತ್ತೇವೆ. ಒಂದರಲ್ಲಿ ಕಾಂಕ್ರೀಟು, ಒಂದರಲ್ಲಿ ಮರದ ಹಲಗೆ, ಒಂದರಲ್ಲಿ ಜಲ್ಲಿ, ಒಂದರಲ್ಲಿ ಮಣ್ಣು. ಕಾಂಕ್ರೀಟಿನ ಮೇಲೆ ಕಬ್ಬಿಣದ ತಗಡು ಹಾಸಿ, ತಗಡು ಗುಂಯ್‌ಗುಡದಂತೆ ಅಡಿಗೆ ಹಳೆಯ ರಬ್ಬರ್ ಚಾಪೆ ಕೊಟ್ಟೆ. ಗಟ್ಟಿಯಾಗಿ, ಆದರೆ ಅನುರಣನವಿಲ್ಲದೆ ಬಂದ ಆ ಸದ್ದು ನನಗೆ ಬೇಕಾದದ್ದೇ ಆಗಿತ್ತು. ಸರಪಳಿಗಳ ವಿಷಯಕ್ಕೆ ಒಂದು ಹಳೆಯ ಕಥೆಯಿದೆ. ‘ಸ್ಪಾರ್ಟಕಸ್’ ಚಿತ್ರದಲ್ಲಿ ಗುಲಾಮರ ಸಂಕೋಲೆಯ ಸದ್ದಿಗಾಗಿ ಮತ್ತೆ ಚಿತ್ರೀಕರಣಕ್ಕೆ ಹೋಗುವ ಬದಲು ಜ್ಯಾಕ್ ಫೋಲಿ ಕೀಲಿಕೈಗಳ ಗೊಂಚಲು ಅಲ್ಲಾಡಿಸಿ ಕೆಲಸ ಮುಗಿಸಿದ ಎಂದು ಹೇಳುತ್ತಾರೆ. ಕೀಲಿಕೈ ಗುಂಪಿಗೆ ಚೆನ್ನ. ಒಬ್ಬನೇ ಕೈದಿ ಕ್ಯಾಮೆರಾದ ಹತ್ತಿರ ಕೂತು ಕೈ ಎಳೆದುಕೊಂಡಾಗ ಅದು ಆಟಿಕೆಯಂತೆ ಕೇಳುತ್ತದೆ. ಅದಕ್ಕೆ ನಾನು ದಾರೂಖಾನಾದಿಂದ ತಂದ ಹಡಗಿನ ಸರಪಳಿಯ ತುಂಡು ಬಳಸಿದೆ. ಮುಂಬೈಯ ಪೂರ್ವ ಕರಾವಳಿಯ ಆ ಬೀದಿಗಳಲ್ಲಿ ಒಡೆದ ಹಡಗಿನ ಕಬ್ಬಿಣ ತೂಕಕ್ಕೆ ಸಿಗುತ್ತದೆ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದ ಕಬ್ಬಿಣ ಮಿಡಿಯುವುದಿಲ್ಲ, ಗೊರಗೊರ ಎನ್ನುತ್ತದೆ. ಅಂಗಡಿಯಿಂದ ಹೊಸದು ತಂದು ಏನೇ ಮಾಡಿದರೂ ಆ ಗಂಟಲು ಬರುವುದಿಲ್ಲ.

ದ್ವೀಪದ ಮರಳು ನನ್ನನ್ನು ಸತಾಯಿಸಿತು. ಮರಳಿನ ಮೇಲೆ ನಡೆದರೆ ಮರಳಿನ ಸದ್ದು ಬರಬೇಕಲ್ಲ ಎಂದು ನೀವು ಕೇಳಬಹುದು. ಹತ್ತಿರದ ಮೈಕಿಗೆ ಅದು ಬರೀ ಸ್ಸ್ ಎಂದು ಕೇಳುತ್ತದೆ, ಯಾರೋ ಕಾಗದ ಉಜ್ಜಿದಂತೆ. ಮನುಷ್ಯನ ಭಾರ ಅದರಲ್ಲಿ ಇರುವುದೇ ಇಲ್ಲ. ನಿಜವಾದ ಕಡಲ ದಂಡೆಯಲ್ಲಿ ಆ ಭಾರವನ್ನು ನಾವು ಕಿವಿಯಿಂದ ಕೇಳುವುದಿಲ್ಲ, ಕಾಲಿನಿಂದ ತಿಳಿಯುತ್ತೇವೆ. ನೋಡುಗನಿಗೆ ಕಾಲಿನ ಅನುಭವವನ್ನು ಕಿವಿಯಲ್ಲಿ ಕೊಡಬೇಕು. ಹಾಗಾಗಿ ಪಿಟ್ಟಿನ ತಳಕ್ಕೆ ತುಳಿದು ಗಟ್ಟಿ ಮಾಡಿದ ಮಣ್ಣು, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಮೂರು ಬೆರಳಿನಷ್ಟು ಜರಡಿ ಹಿಡಿದ ನದಿಯ ಮರಳು. ಮೇಲಿನ ಪದರ ಸರಕ್ಕೆನ್ನುತ್ತದೆ, ಕೆಳಗಿನದು ಧಪ್ ಎನ್ನುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಗಟ್ಟಿ ನೆಲದಲ್ಲಿ ಸದ್ದು ಮಾಡುವುದು ಹಿಮ್ಮಡಿ, ಮರಳಿನಲ್ಲಿ ಹೆಬ್ಬೆರಳು. ಕಾಲು ಊರಿದಾಗ ಮರಳು ನುಂಗಿಬಿಡುತ್ತದೆ, ಕಿತ್ತು ಮುಂದಕ್ಕೆ ತಳ್ಳಿದಾಗ ಉಗುಳುತ್ತದೆ. ಆದ್ದರಿಂದ ಚಿತ್ರಕ್ಕೆ ತಾಳ ಹಾಕುವಾಗ ಕಾಲು ಇಳಿಯುವುದನ್ನು ನೋಡದೆ ಏಳುವುದನ್ನು ನೋಡಬೇಕು. ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತಿರುವಾಗ ಎರಡು ಚೌಕಟ್ಟು ಹಿಂದೆ ಬಿದ್ದರೂ ಹೆಜ್ಜೆ ಬೇರೆಯವರದ್ದು ಅನ್ನಿಸಿಬಿಡುತ್ತದೆ.

ಪಾದರಕ್ಷೆಗಳಿಗಾಗಿ ಚೋರ್ ಬಜಾರ್ ಸುತ್ತಿದೆ. ಚಿತ್ರದ ದಾಳಿಕೋರರು ಕೈಗೆ ಸಿಕ್ಕಿದ್ದನ್ನು ಕಾಲಿಗೆ ಕಟ್ಟಿಕೊಂಡವರು. ಅವರಿಗೆ ಲಾರಿಯ ಟೈರಿನಿಂದ ಕತ್ತರಿಸಿದ ಚಪ್ಪಲಿ ಕೊಟ್ಟೆ. ನಮ್ಮ ಕೂಲಿಕಾರರು ಮೆಟ್ಟುವ ಅದೇ ಚಪ್ಪಲಿ, ಒದ್ದೆ ಎಲೆಯ ಮೇಲೆ ಕಾಲಿಟ್ಟರೆ ಚಟಾರನೆ ಕಚ್ಚಿಕೊಂಡು ಬಿಡುತ್ತದೆ. ಊರು ಕಟ್ಟಿಕೊಂಡವರಿಗೆ ಕೊಲ್ಹಾಪುರಿ, ಆದರೆ ಎಣ್ಣೆ ಕುಡಿಸಿ ಮೆತ್ತಗೆ ಮಾಡಿದ್ದು. ಹೊಸ ಕೊಲ್ಹಾಪುರಿಯ ಕಿರುಗುಟ್ಟುವಿಕೆ ಬಂತೆಂದರೆ ದ್ವೀಪ ಸೀದಾ ಸಾತಾರಾ ಜಿಲ್ಲೆಗೆ ಬಂದು ಇಳಿಯುತ್ತದೆ. ನಾಯಕ ಜೈಲಿನ ಬೂಟಿನಲ್ಲೇ ಬರುತ್ತಾನೆ. ಕಥೆ ಸಾಗಿದಂತೆ ಆ ಬೂಟಿನ ಅಟ್ಟೆ ಸಡಿಲವಾಗಬೇಕೆಂದು ನನಗೆ ನಾನೇ ನಿಯಮ ಹಾಕಿಕೊಂಡು, ರೀಲಿನಿಂದ ರೀಲಿಗೆ ಮುಂಭಾಗದ ಹೊಲಿಗೆಯನ್ನು ಬ್ಲೇಡಿನಿಂದ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ ಹೋದೆ. ಯಾರೂ ಕೇಳಿರಲಿಲ್ಲ. ಯಾರೂ ಗಮನಿಸಿದಂತೆಯೂ ಇಲ್ಲ. ಆದರೂ ಕಡೆಯ ಓಟದಲ್ಲಿ ಅವನ ಬೂಟು ಬಾಯಿ ಬಿಟ್ಟು ಪಟಪಟ ಎನ್ನುವುದನ್ನು ಕೇಳಿದರೆ ನನಗೆ ಈಗಲೂ ಖುಷಿ.

ಇನ್ನು ಹೊಡೆದಾಟ. ಬಂದೂಕು, ಸ್ಫೋಟ, ಹೆಲಿಕಾಪ್ಟರ್ ಇವು ನನ್ನ ಕೆಲಸವಲ್ಲ. ಅವು ಸಂಗ್ರಹದಿಂದ ಬರುತ್ತವೆ, ಈ ಚಿತ್ರದಲ್ಲಿ ಮೂಲದಿಂದಲೇ ಸರಿಯಾಗಿ ಬಂದಿದ್ದವು. ಕತ್ತಿ ಮೈಗೆ ತಾಗುವುದು, ಮೂಳೆ ಮುರಿಯುವುದು, ಬಿದ್ದವನ ಬೆನ್ನು ನೆಲಕ್ಕೆ ಅಪ್ಪಳಿಸುವುದು ನನ್ನವು. ಪರದೇಶದ ಫೋಲಿಯವರು ಮೂಳೆಗೆ ಸೆಲರಿ ಸೊಪ್ಪಿನ ದಂಟು ಮುರಿಯುತ್ತಾರೆ. ನನಗೆ ಮಾಟುಂಗಾ ಮಾರುಕಟ್ಟೆ ಇದೆ. ದಕ್ಷಿಣದವರ ಅಡುಗೆಮನೆಗೆ ಬೇಕಾದದ್ದೆಲ್ಲ ಸ್ಟೇಷನ್ನಿನ ಹೊರಗೆ ಸಿಗುತ್ತದೆ: ಬಾಳೆಎಲೆ, ಬಾಳೆದಿಂಡು, ನುಗ್ಗೆಕಾಯಿ. ಬೆಳಗ್ಗೆ ಹೋಗಿ ದಿಂಡನ್ನು ಬೆರಳಿನಿಂದ ತಟ್ಟಿ ನೋಡಿ ಆರಿಸುತ್ತೇನೆ. ಅಂಗಡಿಯಾಕೆ ಪಾಲಕ್ಕಾಡಿನವರು, ಪಲ್ಯಕ್ಕೆ ಎಳೆಯದು ತೆಗೆದುಕೊಳ್ಳಿ ಎಂದು ಹೇಳಿ ಹೇಳಿ ಸಾಕಾಗಿ ಈಗ ಬಲಿತದ್ದನ್ನೇ ತೆಗೆದಿಡುತ್ತಾರೆ.

ದಿಂಡಿನ ಕೆಲಸ ಹೀಗೆ. ಹೊರ ಪದರಗಳನ್ನು ತೆಗೆಯದೆ ಒಂದು ಮೊಳದ ತುಂಡು ಮಾಡಿ, ಅದಕ್ಕೆ ನೀರಿನಲ್ಲಿ ನೆನೆಸಿದ ಮೆತ್ತನೆಯ ಚರ್ಮವನ್ನು ಸುತ್ತುತ್ತೇನೆ. ಮಚ್ಚಿನ ಮೊಂಡು ಬದಿಯಿಂದ ಹೊಡೆದರೆ ಮೊದಲು ಚರ್ಮದ ಒದ್ದೆ ಸದ್ದು, ಅದರ ಬೆನ್ನಿಗೇ ದಿಂಡಿನ ನಾರು ಬಿರಿಯುವ ಕಚಕ್ ಎಂಬ ಸದ್ದು ಬರುತ್ತದೆ. ಮಚ್ಚನ್ನು ಹೊರಗೆಳೆಯುವಾಗ ಸುಮ್ಮನೆ ಎಳೆಯಬಾರದು, ಸ್ವಲ್ಪ ತಿರುಚಬೇಕು. ದಿಂಡಿನ ನೀರು ಲೋಹಕ್ಕೆ ಅಂಟಿಕೊಂಡು ಬಿಡುವುದಿಲ್ಲ ಎನ್ನುತ್ತದೆ. ನೋಡುಗನ ಮೈ ಜುಮ್ಮೆನ್ನಿಸುವುದು ಆ ಎಳೆತ, ಹೊಡೆತವಲ್ಲ. ನುಗ್ಗೆಕಾಯಿ ಮೂಳೆಗೆ. ಬಲಿತ ಕಾಯಿ ಲಟ್ಟನೆ ಮುರಿದ ಮೇಲೂ ಸಿಪ್ಪೆಯ ನಾರು ತುಂಡಾಗದೆ ಜೋತಾಡುತ್ತದೆ. ಎರಡು ಕಾಯಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುರಿದರೆ ಮುಂಗೈ, ನಾಲ್ಕನ್ನು ಕಟ್ಟಿ ಮುರಿದರೆ ತೊಡೆ. ಉಳಿದದ್ದು ಸಂಜೆ ಸಾಂಬಾರಿಗೆ. ನನ್ನ ಹೆಂಡತಿ ಮಾತ್ರ ಯಾವ ಕಾಯಿ ಯಾರ ಕಾಲಾಗಿತ್ತು ಎಂದು ಊಟದ ಹೊತ್ತಿನಲ್ಲಿ ಹೇಳಬಾರದೆಂದು ಕಟ್ಟಪ್ಪಣೆ ಮಾಡಿದ್ದಾಳೆ.

ಕಾಡಿನ ಪೊದೆಗೆ ಹಳೆಯ ಕ್ಯಾಸೆಟ್ಟಿನ ಟೇಪು ಬೇಕು. ಒಂದು ಬುಟ್ಟಿಯಷ್ಟು ಟೇಪನ್ನು ಸುರುಳಿ ಬಿಡಿಸಿ ಗುಡ್ಡೆ ಹಾಕಿ ಅದರಲ್ಲಿ ಕೈಯಾಡಿಸಿದರೆ ಹುಲ್ಲು ಸರಿದಂತೆ ಕೇಳುತ್ತದೆ. ನಿಜವಾದ ಸೊಪ್ಪು ತಂದರೆ ಮಧ್ಯಾಹ್ನದೊಳಗೆ ಬಾಡಿ ಸದ್ದು ಬದಲಾಗುತ್ತದೆ, ಟೇಪು ಬಾಡುವುದಿಲ್ಲ. ದಪ್ಪ ಎಲೆಗೆ ಅಡಿಕೆ ಹಾಳೆ. ಊರಿಂದ ಬರುವ ನೆಂಟರಿಗೆ ಹಲಸಿನ ಹಪ್ಪಳದ ಜೊತೆಗೆ ನಾಲ್ಕು ಹಾಳೆಯನ್ನೂ ತರಲು ಹೇಳುತ್ತೇನೆ. ನೀರಿನ ದೃಶ್ಯಗಳಿಗೆ ದೊಡ್ಡ ಪ್ಲಾಸ್ಟಿಕ್ ಟಬ್ಬು. ತಳಕ್ಕೆ ಮತ್ತು ಗೋಡೆಗೆ ದಪ್ಪ ಟವೆಲು ಹಾಸದಿದ್ದರೆ ಸಮುದ್ರದೊಳಗಿಂದ ಟಬ್ಬು ಮಾತಾಡುತ್ತದೆ.

ಗುಂಪಿನ ದಾಳಿಗೆ ನಮ್ಮಲ್ಲಿ ಜನವಿಲ್ಲ. ನಾನು ಮತ್ತು ಸಹಾಯಕ, ಇಬ್ಬರೇ. ಒಮ್ಮೆ ಓಡಿ, ಚಪ್ಪಲಿ ಬದಲಿಸಿ ಮತ್ತೊಮ್ಮೆ ಓಡಿ, ಮೈಕನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಓಡಿ, ಪದರದ ಮೇಲೆ ಪದರ ಹಾಕಬೇಕು. ಮೈಕಿನಲ್ಲಿ ಹೂಂಕರಿಸುತ್ತದೆಂದು ಏಸಿ ನಿಲ್ಲಿಸಿಯೇ ರೆಕಾರ್ಡ್ ಮಾಡುವುದು. ಜೂನ್ ತಿಂಗಳ ಸೆಖೆಯಲ್ಲಿ ಮುಚ್ಚಿದ ಕೋಣೆಯೊಳಗೆ ಚರ್ಮದ ಅಂಗಿ ತೊಟ್ಟು ಓಡಿದವನಿಗೆ ಕೈದಿಗಳ ಕಷ್ಟ ವಿವರಿಸಬೇಕಾಗಿಲ್ಲ. ಮಳೆ ಜೋರಾದರೆ ಕೆಲಸ ನಿಲ್ಲುತ್ತದೆ, ಪಕ್ಕದ ಗೋದಾಮಿನ ತಗಡಿನ ಸೂರು ಸುಮ್ಮನಿರುವುದಿಲ್ಲ. ವಿಮಾನ ಇಳಿಯುವ ದಾರಿಯೂ ನಮ್ಮ ತಲೆಯ ಮೇಲೆಯೇ. ಎಷ್ಟೇ ಗೋಡೆ ಕಟ್ಟಿದರೂ ಅದರ ಕೆಳಸ್ಥಾಯಿಯ ಗುಡುಗು ನುಸುಳುತ್ತದೆ. ರೆಕಾರ್ಡಿಸ್ಟ್ ಕೈ ಎತ್ತುತ್ತಾನೆ, ನಾವು ಒಂದು ಕಾಲು ಎತ್ತಿದಂತೆಯೇ ಕಾಯುತ್ತೇವೆ.

ನನ್ನ ಕೆಲಸ ನಡೆಯುವಾಗಲೇ ಪಕ್ಕದ ಕೋಣೆಯಲ್ಲಿ ಕನ್ನಡದ ಮಾತು ನಡೆಯುತ್ತಿತ್ತು. ಡಬ್ಬಿಂಗ್ ನೋಡಿಕೊಳ್ಳುತ್ತಿದ್ದವರು ಧಾರವಾಡದ ಕಡೆಯವರು, ವಯಸ್ಸಿನಲ್ಲಿ ಹಿರಿಯರು, ನಮಗೆಲ್ಲ ಅಕ್ಕಾವರು. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ದಶಕಗಳ ಕಟ್ಟುಪಾಡು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಸಡಿಲವಾಯಿತಲ್ಲ, ಆಮೇಲೆ ಮುಂಬೈಯಲ್ಲೂ ಕನ್ನಡದ ದನಿಗಳಿಗೆ ಕೆಲಸ ಹೆಚ್ಚಿತು. ಬ್ಯಾಂಕಿನಿಂದ ನಿವೃತ್ತರಾದವರು, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ವೇದಿಕೆಯಲ್ಲಿ ನಾಟಕ ಆಡಿ ಗಂಟಲು ಪಳಗಿಸಿಕೊಂಡವರು, ಹೀಗೆ ಬೇರೆ ಬೇರೆ ಕಡೆಯಿಂದ ಬಂದವರು ಕೈದಿಗಳಾದರು. ಮಾತು ಬೇಗ ಆಗುತ್ತದೆ. ತಿಣುಕುವುದು, ಉಬ್ಬಸ, ಪೆಟ್ಟು ಬಿದ್ದಾಗಿನ ಹೂಂ, ಕತ್ತು ಹಿಸುಕಿದಾಗಿನ ಗೊರಕು, ಇವೇ ಕಷ್ಟ. ಗಂಟಲು ಹರಿಯುತ್ತದೆಂದು ಇವನ್ನು ಯಾವಾಗಲೂ ದಿನದ ಕೊನೆಗೆ ಇಟ್ಟುಕೊಳ್ಳುತ್ತಾರೆ.

ಒಂದು ಸಂಜೆ ಅಕ್ಕಾವರು ನನ್ನ ಕೋಣೆಗೆ ಬಂದರು.

“ನಿಮ್ಮ ಪೆಟ್ಟು ಬೀಳುವುದಕ್ಕೆ ಮೊದಲೇ ನನ್ನ ಹುಡುಗ ಹೂಂ ಎನ್ನುತ್ತಿದ್ದಾನಲ್ಲ, ಯಾಕೆ?”

“ಮೂಲದಲ್ಲಿ ಹಾಗೆಯೇ ಇದೆ ಅಕ್ಕಾ. ಆ ನಟ ಏಟು ಬರುವುದು ಗೊತ್ತಿದ್ದು ಮೊದಲೇ ಉಸಿರು ಬಿಟ್ಟಿದ್ದಾನೆ.”

“ಹಾಗಾದರೆ ನಾವು ತಿದ್ದೋಣ. ಏಟು ತಿಂದ ಮೇಲೆ ಕೂಗಲಿ. ನಮ್ಮ ಊರಿನಲ್ಲಿ ಹಾಗೆಯೇ.”

ತಿದ್ದಿದೆವು. ನಾನು ನೆಲಕ್ಕೆ ಬಿದ್ದು ತೋರಿಸಿದೆ, ಆ ಹುಡುಗ ಗಾಜಿನಾಚೆಯಿಂದ ನನ್ನನ್ನೇ ನೋಡಿಕೊಂಡು ಉಸಿರು ಬಿಟ್ಟ. ಫೋಲಿಯವನೂ ಕಂಠದಾನ ಮಾಡುವವನೂ ಒಬ್ಬರ ಮುಖ ಒಬ್ಬರು ನೋಡದೆಯೇ ಒಂದೇ ದೇಹವನ್ನು ಕಟ್ಟುವುದು ಇಲ್ಲಿನ ರೂಢಿ. ಅಂದು ನೋಡಿಕೊಂಡು ಮಾಡಿದ ಆ ಕಾದಾಟದ ದೃಶ್ಯ ಉಳಿದವುಗಳಿಗಿಂತ ಒಂದು ತೂಕ ಹೆಚ್ಚೇ ಬಂತು.

ಬಟ್ಟೆಯ ಟ್ರ್ಯಾಕಿನ ಬಗ್ಗೆಯೂ ಹೇಳಬೇಕು, ಹೊಸಬರು ಅದನ್ನು ಕಡೆಗಣಿಸುತ್ತಾರೆ. ಇಡೀ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ನೋಡುತ್ತಾ ಮೈಕಿನ ಮುಂದೆ ಬಟ್ಟೆ ಉಜ್ಜುತ್ತಾ ಕೂರುವುದು ಬೇಸರದ ಕೆಲಸ. ಜೈಲಿನವರಿಗೆ ನೈಲಾನ್, ದ್ವೀಪದವರಿಗೆ ಗೋಣಿ ಮತ್ತು ಚರ್ಮ. ಅದು ಇದ್ದಾಗ ಯಾರಿಗೂ ಕೇಳುವುದಿಲ್ಲ, ತೆಗೆದರೆ ಮಾತ್ರ ಮಾತುಗಳು ಚಿತ್ರದಿಂದ ಕಿತ್ತು ಹೊರಬಂದಂತೆ ಕಾಣುತ್ತವೆ. ಡಬ್ಬಿಂಗ್ ಚಿತ್ರ ನೋಡುವಾಗ ಏನೋ ಸರಿಯಿಲ್ಲ ಎಂದು ಅನ್ನಿಸಿದರೆ ಜನ ಕನ್ನಡವನ್ನು ದೂರುತ್ತಾರೆ. ಬಹಳ ಸಲ ತಪ್ಪು ಕನ್ನಡದ್ದಲ್ಲ, ಬಟ್ಟೆಯದು.

ಕೊನೆಗೆ ಮಿಕ್ಸಿಂಗ್. ನನ್ನ ಕಸುಬಿನವರ ಗೊಣಗಾಟವೆಲ್ಲ ಇಲ್ಲೇ. ಜಲಪಾತದ ಬಳಿಯ ಓಟಕ್ಕೆ ನಾನು ಕೊಟ್ಟ ಹೆಜ್ಜೆಗಳೆಲ್ಲ ನೀರಿನ ಭೋರ್ಗರೆತದಲ್ಲಿ ಮುಳುಗಿದವು, ಅದು ಸರಿಯೇ. ಆದರೆ ರಾತ್ರಿ ಪೊದೆಯಲ್ಲಿ ಅಡಗಿ ಕೂತ ನಾಯಕನ ಬಳಿ ಟೈರಿನ ಚಪ್ಪಲಿಯೊಂದು ಬಂದು ನಿಲ್ಲುವಲ್ಲಿಯೂ ಸಂಗೀತವನ್ನು ಏರಿಸಿದ್ದರು. ನಾನು ಹಟ ಹಿಡಿದೆ. ಮೂಲದ ಸಂಗೀತವನ್ನು ಮುಟ್ಟುವ ಹಾಗಿಲ್ಲ ಎಂದರು. ಮುಟ್ಟಬೇಡಿ, ಮೂಲದಲ್ಲಿ ಅದು ಎಷ್ಟಿದೆಯೋ ಅಷ್ಟಕ್ಕೇ ಇಳಿಸಿ ಎಂದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗ ನಮ್ಮದರಲ್ಲೇ ಸಂಗೀತ ಜೋರಾಗಿತ್ತು. ಇಳಿಸಿದರು. ಈಗ ಅಲ್ಲಿ ಚಪ್ಪಲಿ ಎಲೆಯಿಂದ ಕಿತ್ತುಕೊಳ್ಳುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ.

ಮುಗಿಸಿ ಕಳಿಸಿದ ಮೇಲೆ ಚಿತ್ರದ ಮಾಲೀಕರ ಕಡೆಯಿಂದ ತಪಾಸಣೆಯ ಪಟ್ಟಿ ಬಂತು. ಮೂಲವನ್ನೂ ಕನ್ನಡವನ್ನೂ ಒಟ್ಟಿಗೆ ಓಡಿಸಿ ಎಲ್ಲಿ ಏನು ಕಡಿಮೆ ಎಂದು ಅವರು ಗುರುತು ಹಾಕುತ್ತಾರೆ. ಮಾತಿನ ಬಗ್ಗೆ ಕೆಲವು ಸಾಲು, ನನ್ನ ಪಾಲಿಗೆ ಒಂದೇ ಸಾಲು: ತೂಗುಸೇತುವೆಯ ದೃಶ್ಯದಲ್ಲಿ ಹಿನ್ನೆಲೆಯಲ್ಲಿ ದಾಟುವ ಮೂರನೆಯವನಿಗೆ ಹೆಜ್ಜೆಯಿಲ್ಲ. ಮೂಲದಲ್ಲಿ ಇದೆಯೇ ಎಂದು ಹಾಕಿ ನೋಡಿದೆ, ಅಲ್ಲಿಯೂ ಇಲ್ಲ. ಹಾಗೆಂದು ಬರೆದು ಕಳಿಸಬಹುದಿತ್ತು. ಮರದ ಹಲಗೆಯ ಪಿಟ್ಟು ಹೇಗೂ ತೆರೆದೇ ಇತ್ತು, ಸಹಾಯಕ ಊಟಕ್ಕೆ ಹೋಗಿದ್ದ. ಮೈಕನ್ನು ದೂರ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ನಾನೇ ಅವನನ್ನು ದಾಟಿಸಿ ಫೈಲು ಕಳಿಸಿದೆ.